ಕಣ್ಣು ನಿಲ್ಲದಿದ್ದರೇನು, ಕೆಲಸ ನಿಲ್ಲಬೇಕೆ?

ಕಣ್ಣುಗುಡ್ಡೆಗಳು ತಾವಾಗೇ ಅತ್ತಿಂದಿತ್ತ ಓಡಾಡುವ ತೊಂದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ? ಅಥವಾ ನಿಮಗೇ ಇದೆಯೇ? ‘ನೆಟ್ಟಗೆ ನೋಡು’ ಅಂತ ಗದರಿಸಿ ಗದರಿಸಿ, ಇಲ್ಲವೇ ಗದರಿಸಿಕೊಂಡು ಸುಸ್ತಾಗಿದ್ದೀರಾ? ಹಾಗಿದ್ದರೆ ಇದನ್ನು ಓದಿ.

‘ಎಡಗಣ್ಣು ಅದುರ್ತಾ ಇದೆ ಕಣ್ರೀ, ಏನೋ ಒಳ್ಳೇದಾಗುತ್ತೆ!’

ಈ ಮಾತನ್ನು ನೀವೂ ಒಂದಲ್ಲ ಒಂದು ಸಲ ಆಡಿರುತ್ತೀರಿ. ಹೆಂಗಸರಿಗೆ ಎಡಗಣ್ಣು ಶುಭ, ಬಲಗಣ್ಣು ಅಶುಭ ಅನ್ನೋದು ಅಜ್ಜಿಯರ ಕಾಲದಿಂದ ಬಂದ ನಂಬಿಕೆ. ಅದು ರೆಪ್ಪೆಯ ಅದುರು. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ, ಟೆನ್ಷನ್ ಇದ್ದಾಗ ಬರುತ್ತೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೇಳದೆ ಕೇಳದೆ ಹೊರಟು ಹೋಗುತ್ತೆ. ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಆದರೆ ಕೆಲವರಿಗೆ ಅಲ್ಲಾಡುವುದು ರೆಪ್ಪೆಯಲ್ಲ, ಕಣ್ಣುಗುಡ್ಡೆಯೇ. ಗೋಡೆ ಗಡಿಯಾರದ ಲೋಲಕದ ಹಾಗೆ ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಕೆಲವರಿಗೆ ಮೇಲೆ ಕೆಳಗೆ, ಇನ್ನು ಕೆಲವರಿಗೆ ಸುತ್ತು ಸುತ್ತಾಗಿ. ಇದು ಅವರು ಬೇಕೆಂದು ಮಾಡುವುದಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ವೈದ್ಯರು ಇದಕ್ಕೆ ‘ನಿಸ್ಟಾಗ್ಮಸ್’ ಅನ್ನುತ್ತಾರೆ. ತೂಕಡಿಸುತ್ತಾ ತಲೆಯಾಡಿಸುವುದಕ್ಕೆ ಗ್ರೀಕ್ ಭಾಷೆಯಲ್ಲಿದ್ದ ಪದದಿಂದ ಬಂದ ಹೆಸರಿದು.

‘ಅಯ್ಯೋ, ಇಂಥದ್ದು ಲಕ್ಷಕ್ಕೊಬ್ಬರಿಗೆ ಇರಬಹುದು’ ಅಂದುಕೊಳ್ಳಬೇಡಿ. ಬ್ರಿಟನ್ನಿನ ಲೀಸ್ಟರ್‌ಶೈರ್ ಎಂಬಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ 10,000 ಜನರಲ್ಲಿ ಸುಮಾರು 24 ಮಂದಿಗೆ ಈ ತೊಂದರೆ ಇದೆ. ನಿಮ್ಮ ಬಡಾವಣೆಯಲ್ಲೂ, ಮಗಳ ಸ್ಕೂಲಿನಲ್ಲೂ ಒಬ್ಬರಾದರೂ ಇರಬಹುದು ಅಂತಾಯ್ತು. ನಾವು ಗಮನಿಸಿರುವುದಿಲ್ಲ, ಗಮನಿಸಿದರೂ ‘ಏನೋ ಮಾಲುಗಣ್ಣು’ ಅಂದುಕೊಂಡು ಸುಮ್ಮನಾಗಿರುತ್ತೇವೆ.

ಅವರಿಗೆ ಹೇಗೆ ಕಾಣುತ್ತೆ?

ಚಿಕ್ಕವರಿದ್ದಾಗ ಕೈ ಕೈ ಹಿಡಿದು ಅಪ್ಪಾಳೆ ತಿಪ್ಪಾಳೆ ಆಡಿದ್ದು ನೆನಪಿದೆಯಾ? ಗಿರಗಿರ ಸುತ್ತಿ ತಟ್ಟನೆ ನಿಂತಾಗ ಇಡೀ ಅಂಗಳವೇ ತಿರುಗುತ್ತಿತ್ತು, ಅಲ್ವಾ? ಆಗ ನಿಮ್ಮ ಕಣ್ಣುಗುಡ್ಡೆಗಳೂ ಒಂದಷ್ಟು ಹೊತ್ತು ಹೀಗೇ ಓಡಾಡಿದ್ದವು. ರೈಲಿನ ಕಿಟಕಿ ಪಕ್ಕ ಕೂತವರ ಕಣ್ಣನ್ನು ಒಮ್ಮೆ ಗಮನಿಸಿ ನೋಡಿ. ಹೊರಗೆ ಓಡುವ ಕಂಬಗಳನ್ನು ಹಿಂಬಾಲಿಸಿ ಹೋಗುತ್ತೆ, ಮತ್ತೆ ಟಕ್ಕನೆ ವಾಪಸ್ ಬರುತ್ತೆ. ಇವೆಲ್ಲ ಎಲ್ಲರಿಗೂ ಆಗುವಂಥದ್ದು. ನಿಸ್ಟಾಗ್ಮಸ್ ಇರುವವರಿಗೆ ಮಾತ್ರ ಯಾವ ಆಟ, ಯಾವ ರೈಲೂ ಇಲ್ಲದೆ ಇದು ದಿನವಿಡೀ ನಡೆದಿರುತ್ತದೆ.

‘ಹಾಗಾದರೆ ಅವರಿಗೆ ಪ್ರಪಂಚವೆಲ್ಲ ಅಲ್ಲಾಡಿದ ಹಾಗೆ ಕಾಣುತ್ತಾ?’ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಹಸುಗೂಸಿನಿಂದಲೇ ಇರುವವರಿಗೆ ಸಾಮಾನ್ಯವಾಗಿ ಹಾಗೆ ಕಾಣುವುದಿಲ್ಲ. ಮಿದುಳು ಈ ಓಡಾಟಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ದೊಡ್ಡವರಾದ ಮೇಲೆ ಬಂದವರ ಕಷ್ಟವೇ ಬೇರೆ. ಅವರಿಗೆ ಗೋಡೆ, ಬಾಗಿಲು, ಎದುರಿಗೆ ನಿಂತವರ ಮುಖ ಎಲ್ಲವೂ ಅಲುಗಾಡಿ ತಲೆಸುತ್ತು ಬರುತ್ತದೆ.

ಹುಟ್ಟಿನಿಂದ ಇರುವವರ ಮುಖ್ಯ ತೊಂದರೆ ಏನು ಗೊತ್ತಾ? ನೋಡೋಕೆ ಹೊತ್ತು ಬೇಕು. ಕಣ್ಣು ಓಡುತ್ತಾ ಓಡುತ್ತಾ ಒಂದು ಕ್ಷಣ ನಿಧಾನವಾಗುತ್ತದಲ್ಲ, ಆ ಕ್ಷಣದಲ್ಲೇ ಅಕ್ಷರವನ್ನೋ ಮುಖವನ್ನೋ ಹಿಡಿದುಕೊಳ್ಳಬೇಕು. ಹಾಗಾಗಿ ನಾವು ಕಣ್ಣು ಹಾಯಿಸಿದೊಡನೆ ಗುರುತಿಸುವುದನ್ನು ಅವರು ಕೊಂಚ ತಡವಾಗಿ ಗುರುತಿಸುತ್ತಾರೆ. ಕನ್ನಡಕದಿಂದ ಅಕ್ಷರ ಸ್ಪಷ್ಟವಾಗಬಹುದು, ಆದರೆ ಈ ಹೊತ್ತನ್ನು ಕನ್ನಡಕ ತಂದುಕೊಡುವುದಿಲ್ಲ. ಅದನ್ನು ಕೊಡಬೇಕಾದವರು ಜೊತೆಯಲ್ಲಿರುವ ನಾವು. ಈ ಒಂದು ಮಾತು ಮನೆಯವರಿಗೆ ಅರ್ಥವಾದರೆ ಅರ್ಧ ಕಷ್ಟ ಕಳೆದ ಹಾಗೇ.

ಇನ್ನೊಂದು ವಿಷಯ. ಸುಸ್ತಾದಾಗ, ಜ್ವರ ಬಂದಾಗ, ಸಿಟ್ಟು ಅಥವಾ ಗಾಬರಿಯಾದಾಗ ಈ ಓಡಾಟ ಜಾಸ್ತಿಯಾಗುತ್ತದೆ. ಯಾರಾದರೂ ದುರುಗುಟ್ಟಿ ನೋಡಿದರೂ ಅಷ್ಟೇ. ಬೆಳಿಗ್ಗೆ ಪೇಪರ್ ಚೆನ್ನಾಗಿ ಓದಿದವಳು ಸಂಜೆ ಓದಲಾರೆ ಅಂದರೆ ಅದು ನಾಟಕವಲ್ಲ.

ತಪ್ಪು ಯಾರದ್ದೂ ಅಲ್ಲ

ಮಗುವಿಗೆ ಹೀಗಿದೆ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಶುರುವಾಗುತ್ತೆ ನೋಡಿ ವಿಚಾರಣೆ! ‘ಗ್ರಹಣದ ದಿನ ಹೊರಗೆ ಬಂದಿದ್ದೆ’, ‘ಬಸುರಿಯಲ್ಲಿ ಟಿವಿ ನೋಡಿದ್ದು ಜಾಸ್ತಿಯಾಯ್ತು’, ‘ನಿಮ್ಮ ಕಡೆಯವರಲ್ಲೇ ಯಾರಿಗೋ ಇತ್ತಂತೆ’... ಎಲ್ಲ ಬಾಣಗಳೂ ಬಂದು ಬೀಳುವುದು ಬಾಣಂತಿಯ ಮೇಲೆ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಟಿವಿಗೂ ಇಲ್ಲ. ಮಕ್ಕಳಲ್ಲಿ ಇದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೇ ಕಾಣಿಸಿಕೊಳ್ಳುತ್ತದೆ. ಕಾರಣಗಳು ಹಲವು. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಇರಬಹುದು. ಕಣ್ಣಿನ ನರ ಸರಿಯಾಗಿ ಬೆಳೆಯದಿರಬಹುದು. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ದೋಷವಿರಬಹುದು. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಅಂಶವೇ ಕಡಿಮೆಯಿರುವ ಆಲ್ಬಿನಿಸಂ ಇರುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಕೆಲವು ಮಕ್ಕಳಲ್ಲಿ ಕಣ್ಣಿನ ಎಲ್ಲ ಭಾಗಗಳೂ ಸರಿಯಾಗೇ ಇದ್ದು ಓಡಾಟವೊಂದೇ ಇರುತ್ತದೆ.

ವಂಶದಲ್ಲಿ ಹರಿದು ಬರುವುದೂ ಉಂಟು. ಎಕ್ಸ್ ಕ್ರೋಮೋಸೋಮಿನಲ್ಲಿರುವ ಎಫ್‌ಆರ್‌ಎಂಡಿ7 ಎಂಬ ಜೀನಿನಲ್ಲಿ ಬದಲಾವಣೆಯಾದಾಗ ತಾಯಿಯಿಂದ ಮಗನಿಗೆ ಬರಬಹುದು. ಈ ಜೀನ್ ಹೊತ್ತ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಕಣ್ಣಿನ ಓಡಾಟ ಕಾಣಿಸುತ್ತದೆ, ಉಳಿದವರಿಗೆ ತಮ್ಮಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಆಲ್ಬಿನಿಸಂ ವಿಷಯ ಬೇರೆ. ಅದು ಹೆಚ್ಚಾಗಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರಷ್ಟೇ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಸೋದರಮಾವ, ಅತ್ತೆಯ ಮಗ ಅಂತ ರಕ್ತಸಂಬಂಧದಲ್ಲೇ ಮದುವೆಯಾದಾಗ ಅದರ ಸಾಧ್ಯತೆ ಹೆಚ್ಚು. ಮುಂದಿನ ಮಗುವಿನ ಬಗ್ಗೆ ಚಿಂತೆಯಿದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಕೇಳಿ ಪಡೆಯಿರಿ. ಯಾರ ಕಡೆಯಿಂದ ಬಂತು ಅಂತ ಲೆಕ್ಕ ಹಾಕುವುದು ಡಾಕ್ಟರಿಗೆ ಬೇಕಾದ ಮಾಹಿತಿ, ಅತ್ತೆ ಸೊಸೆ ಜಗಳಕ್ಕೆ ಬೇಕಾದ ಸರಕಲ್ಲ.

ಕತ್ತು ನೆಟ್ಟಗೆ ಮಾಡಿಸಬೇಡಿ

ಮಗು ಟಿವಿ ನೋಡುವಾಗ ಮುಖವನ್ನು ಒಂದು ಕಡೆಗೆ ತಿರುಗಿಸಿಕೊಂಡು ಓರೆಗಣ್ಣಿನಿಂದ ನೋಡುತ್ತಾ? ತಲೆ ವಾಲಿಸುತ್ತಾ? ಗಲ್ಲ ಎತ್ತಿಕೊಂಡು ಓದುತ್ತಾ? ತಕ್ಷಣ ನಾವೇನು ಮಾಡ್ತೀವಿ? ‘ಏಯ್, ನೆಟ್ಟಗೆ ಕೂತ್ಕೊಂಡು ನೋಡೇ!’ ಅಂತ ಗಲ್ಲ ಹಿಡಿದು ತಿರುಗಿಸುತ್ತೇವೆ.

ದಯವಿಟ್ಟು ಹಾಗೆ ಮಾಡಬೇಡಿ. ನಿಸ್ಟಾಗ್ಮಸ್ ಇರುವ ಹಲವರಿಗೆ ಯಾವುದೋ ಒಂದು ದಿಕ್ಕಿಗೆ ನೋಡಿದಾಗ ಕಣ್ಣಿನ ಓಡಾಟ ತುಂಬಾ ಕಡಿಮೆಯಾಗುತ್ತದೆ. ಇದನ್ನು ವೈದ್ಯರು ‘ನಲ್ ಪಾಯಿಂಟ್’ ಅನ್ನುತ್ತಾರೆ. ಕಣ್ಣು ದಣಿವಾರಿಸಿಕೊಳ್ಳುವ ಜಾಗ ಅಂತ ನಾವು ತಿಳಿದುಕೊಳ್ಳೋಣ. ಮಗು ಆ ಜಾಗವನ್ನು ಯಾರೂ ಹೇಳಿಕೊಡದೆ ತಾನೇ ಹುಡುಕಿಕೊಂಡಿರುತ್ತದೆ. ನೀವು ಕತ್ತು ನೆಟ್ಟಗೆ ಮಾಡಿಸಿದರೆ ಚೆನ್ನಾಗಿ ಕಾಣುತ್ತಿದ್ದುದೂ ಕಾಣದ ಹಾಗಾಗುತ್ತದೆ!

ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದೂ ಅಷ್ಟೇ. ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಒಳಕ್ಕೆ ಸೇರಿದಾಗ ಓಡಾಟ ತಗ್ಗುವುದುಂಟು, ಅಕ್ಷರವೂ ದೊಡ್ಡದಾಗಿ ಕಾಣುತ್ತದೆ. ಇದರಿಂದ ನಿಸ್ಟಾಗ್ಮಸ್ ಏನೂ ಹೆಚ್ಚುವುದಿಲ್ಲ. ಟಿವಿ ಹತ್ತಿರ ಕೂತರೆ ಕೂರಲಿ ಬಿಡಿ.

ಕತ್ತು ತುಂಬಾ ತಿರುಗಿಸಿ ನೋವು ಬರುತ್ತಿದ್ದರೆ ಅದಕ್ಕೆ ಆಪರೇಷನ್ ಇದೆ. ಆ ವಿಷಯ ಮುಂದೆ ಬರುತ್ತೆ.

ಅಡುಗೆಮನೆಯಲ್ಲಿ ಒಂದಿಷ್ಟು ಬದಲಾವಣೆ

ತೊಂದರೆ ನಿಮಗೇ ಇದ್ದರೆ ಅಡುಗೆಮನೆಯನ್ನು ನಿಮ್ಮ ಕಣ್ಣಿಗೆ ತಕ್ಕ ಹಾಗೆ ಜೋಡಿಸಿಕೊಳ್ಳಿ. ದೊಡ್ಡ ಖರ್ಚೇನೂ ಇಲ್ಲ.

* ಬೆಳಕು ನಿಮ್ಮ ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ. ಎದುರಿಗೆ ಕಿಟಕಿಯಿದ್ದು ಕಣ್ಣಿಗೆ ಚುಚ್ಚುತ್ತಿದ್ದರೆ ತೆಳು ಪರದೆ ಹಾಕಿ. ಕಟ್ಟೆಯ ಮೇಲೆ ಹೊಳೆಯುವ ಗ್ರಾನೈಟ್ ಇದ್ದರೆ ಹೆಚ್ಚುವ ಜಾಗದಲ್ಲಿ ಒಂದು ಬಟ್ಟೆ ಹಾಸಿಕೊಳ್ಳಿ, ಪ್ರತಿಫಲನ ತಪ್ಪುತ್ತದೆ.

* ಹೆಚ್ಚುವ ಮಣೆ ಎರಡಿರಲಿ. ಬೀನ್ಸ್, ಸೊಪ್ಪು, ಬದನೆಕಾಯಿಗೆ ಬಿಳಿಯದು. ಈರುಳ್ಳಿ, ಮೂಲಂಗಿ, ತೆಂಗಿನಕಾಯಿಗೆ ಗಾಢ ಬಣ್ಣದ್ದು. ತರಕಾರಿ ಎಲ್ಲಿ ಮುಗಿದು ಬೆರಳು ಎಲ್ಲಿ ಶುರುವಾಗುತ್ತೆ ಅಂತ ತಿಳಿಯಬೇಕಲ್ಲ!

* ಸಾಲಾಗಿ ನಿಂತ ಒಂದೇ ಥರದ ಸ್ಟೀಲ್ ಡಬ್ಬಗಳು ನೋಡಲು ಚೆಂದ, ಹುಡುಕಲು ಕಷ್ಟ. ಉದ್ದಿನಬೇಳೆಗೂ ಕಡಲೆಬೇಳೆಗೂ ಬೇರೆ ಬೇರೆ ಗಾತ್ರದ ಡಬ್ಬ ಇಡಿ, ಇಲ್ಲವೇ ದಪ್ಪ ಅಕ್ಷರದ ಚೀಟಿ ಅಂಟಿಸಿ. ಎಲ್ಲಕ್ಕಿಂತ ಮುಖ್ಯ, ತೆಗೆದದ್ದನ್ನು ಅದೇ ಜಾಗದಲ್ಲಿ ಇಡುವಂತೆ ಮನೆಯವರಿಗೆಲ್ಲ ಕಟ್ಟುನಿಟ್ಟಾಗಿ ಹೇಳಿ.

* ಅಕ್ಕಿ ಆರಿಸುವಾಗ ಕಪ್ಪು ಅಥವಾ ಕಡು ನೀಲಿ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಹರಡಿ. ಒಟ್ಟಿಗೆ ಮೊರದ ತುಂಬಾ ಹಾಕಿಕೊಂಡರೆ ಕಣ್ಣು ಬೇಗ ದಣಿಯುತ್ತದೆ.

* ಕೆಲವರಿಗೆ ಆಳ, ದೂರದ ಅಂದಾಜು ತಪ್ಪುತ್ತದೆ. ಬಿಸಿ ಸಾರು, ಎಣ್ಣೆ ಬಗ್ಗಿಸುವಾಗ ಪಾತ್ರೆಯ ಅಂಚನ್ನು ಇನ್ನೊಂದರ ಅಂಚಿಗೆ ತಾಗಿಸಿಕೊಂಡೇ ಬಗ್ಗಿಸಿ. ಕೆಳಗೊಂದು ದೊಡ್ಡ ತಟ್ಟೆ ಇರಲಿ.

* ಕೈಗೆ ಬಿಡಬಹುದಾದ ಕೆಲಸವನ್ನು ಕೈಗೇ ಬಿಡಿ. ಹೂ ಕಟ್ಟುವುದು, ಅವರೆಕಾಳು ಬಿಡಿಸುವುದು, ಚಪಾತಿ ಹಿಟ್ಟು ನಾದುವುದು ಇವಕ್ಕೆಲ್ಲ ಬೆರಳೇ ಕಣ್ಣು. ಸೂಜಿಗೆ ದಾರ ಪೋಣಿಸುವ ಪುಟ್ಟ ಸಾಧನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ, ತಂದಿಟ್ಟುಕೊಳ್ಳಿ.

* ಮನೆಯ ಮೆಟ್ಟಿಲುಗಳು ಒಂದೇ ಬಣ್ಣದ್ದಾಗಿದ್ದರೆ ಪ್ರತಿ ಮೆಟ್ಟಿಲಿನ ಅಂಚಿಗೆ ಬಿಳಿ ಅಥವಾ ಹಳದಿ ಪಟ್ಟಿ ಎಳೆಸಿ. ಎಡವುವುದು ತಪ್ಪುತ್ತದೆ, ಮನೆಯ ಹಿರಿಯರಿಗೂ ಅನುಕೂಲ.

ಬಸ್‌ಸ್ಟಾಪ್‌ನಿಂದ ಮಾರ್ಕೆಟ್ ತನಕ

ಹೊರಗೆ ಹೊರಟರೆ ಮೊದಲ ತಲೆನೋವು ಬಸ್ ನಂಬರು. ಅದು ಹತ್ತಿರ ಬಂದು, ಕಣ್ಣಿಗೆ ಸಿಕ್ಕಿ, ಓದಿ ಮುಗಿಸುವಷ್ಟರಲ್ಲಿ ಬಸ್ಸೇ ಹೊರಟುಹೋಗಿರುತ್ತೆ! ಪಕ್ಕದಲ್ಲಿರುವವರನ್ನು ಕೇಳಲು ಸಂಕೋಚ ಬೇಡ. ‘ಮೆಜೆಸ್ಟಿಕ್ ಬಸ್ ಬಂದ್ರೆ ಸ್ವಲ್ಪ ಹೇಳ್ತೀರಾ, ನನಗೆ ಬೋರ್ಡು ಬೇಗ ಕಾಣಲ್ಲ’ ಅಂದರೆ ಇಲ್ಲ ಅನ್ನುವವರು ಕಡಿಮೆ. ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಕೂಗಿ ಹೇಳುವುದರಿಂದ ಅದು ಸಲೀಸು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಅದೇ ನಿಮ್ಮ ಭೂತಗನ್ನಡಿ. ಅಂಗಡಿಯ ಬೋರ್ಡು, ಔಷಧಿ ಪಟ್ಟಿಯ ಮೇಲಿನ ಎಕ್ಸ್‌ಪೈರಿ ತಾರೀಖು, ಹೋಟೆಲಿನ ಗೋಡೆ ಮೇಲಿರುವ ತಿಂಡಿಗಳ ರೇಟು ಎಲ್ಲದಕ್ಕೂ ಒಂದು ಫೋಟೋ ತೆಗೆದು ಬೆರಳಿನಿಂದ ಹಿಗ್ಗಿಸಿ ನೋಡಿ. ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಿ. ಓದಿ ಹೇಳುವ ಸೌಲಭ್ಯವೂ ಅದರಲ್ಲೇ ಇರುತ್ತೆ. ಹಣ ಕಳಿಸುವಾಗ ಮಾತ್ರ ಅವಸರ ಬೇಡ, ಸೊನ್ನೆಗಳನ್ನು ಎರಡು ಸಲ ಎಣಿಸಿ.

ಸೂಪರ್ ಮಾರ್ಕೆಟ್ಟಿನ ರ‍್ಯಾಕುಗಳಲ್ಲಿ ಸಾವಿರ ಬಣ್ಣದ ಪ್ಯಾಕೆಟ್ಟುಗಳ ನಡುವೆ ಒಂದನ್ನು ಹುಡುಕುವುದು ಈ ಕಣ್ಣಿಗೆ ಬಲು ಕಷ್ಟ. ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ, ಇಲ್ಲವೇ ಚೀಟಿ ಕೊಟ್ಟರೆ ಕಟ್ಟಿಕೊಡುವ ಬೀದಿ ಕೊನೆಯ ಶೆಟ್ಟರ ಅಂಗಡಿಯೇ ವಾಸಿ!

ರಸ್ತೆ ದಾಟುವಾಗ ಸಿಗ್ನಲ್ ಇರುವ ಕಡೆಯೇ ದಾಟಿ. ಬರುವ ಗಾಡಿಯ ವೇಗ ಅಂದಾಜಿಗೆ ಸಿಗುವುದು ತಡ, ಅದರಲ್ಲೂ ಮುಸ್ಸಂಜೆಯಲ್ಲಿ. ಸ್ಕೂಟರ್ ಕಲಿಯುವ ಆಸೆಯಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ದೃಷ್ಟಿ ಅಳೆಸಿ, ಅವರು ಸರಿ ಅಂದರಷ್ಟೇ ಮುಂದಿನ ಮಾತು. ಬೇಡ ಅಂದರೆ ಬೇಸರವಾಗುತ್ತೆ, ನಿಜ. ಆದರೆ ಇದರಲ್ಲಿ ಹಟ ಒಳ್ಳೆಯದಲ್ಲ. ಬಿಸಿಲಿಗೆ ಅಂಚಿರುವ ಟೋಪಿ, ಕಪ್ಪು ಕನ್ನಡಕ ಹಾಕಿಕೊಳ್ಳಿ. ಆಲ್ಬಿನಿಸಂ ಇರುವವರಿಗಂತೂ ಇವು ಬೇಕೇ ಬೇಕು.

‘ನೋಡಿದ್ರೂ ನೋಡದ ಹಾಗೆ ಹೋದ್ಲು!’

ಇಷ್ಟೆಲ್ಲ ನಿಭಾಯಿಸಬಹುದು. ನಿಭಾಯಿಸಲು ಕಷ್ಟವಾಗುವುದು ಜನರ ಬಾಯಿ.

ಮದುವೆ ಛತ್ರದಲ್ಲಿ ಎದುರಿಗೇ ಬಂದ ಚಿಕ್ಕಮ್ಮನನ್ನು ಗುರುತಿಸದೆ ಮುಂದೆ ಹೋದರೆ ‘ಎಷ್ಟು ಜಂಭ ನೋಡು’. ಮಾತಾಡುವಾಗ ಮುಖ ಓರೆ ಮಾಡಿಕೊಂಡರೆ ‘ಮರ್ಯಾದೆ ಇಲ್ಲ’. ಕಣ್ಣು ಅತ್ತಿತ್ತ ಓಡಾಡಿದರೆ ‘ಏನೋ ಮುಚ್ಚಿಡ್ತಾ ಇದ್ದಾಳೆ’. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರನ್ನು ನಂಬಬಾರದು ಅಂತ ನಮ್ಮಲ್ಲಿ ಅಂದುಕೊಂಡುಬಿಟ್ಟಿದ್ದೇವೆ. ಕಣ್ಣೇ ನಿಲ್ಲದವಳು ಇನ್ನು ಏನು ಮಾಡಬೇಕು ಹೇಳಿ!

ಗುಂಪಿನಲ್ಲಿ ಒಂದು ಮುಖವನ್ನು ಗುರುತಿಸಲು ಅವಳಿಗೆ ಕೊಂಚ ಹೊತ್ತು ಬೇಕು. ನೀವು ಅವಳ ನೆಂಟರೋ ಗೆಳತಿಯೋ ಆಗಿದ್ದರೆ ಹತ್ತಿರ ಹೋಗಿ ‘ನಾನು ಕಣೇ, ಮಲ್ಲೇಶ್ವರದ ಅತ್ತೆ’ ಅಂತ ಮೊದಲು ನೀವೇ ಹೇಳಿ. ಅಷ್ಟು ಸಾಕು. ದೂರದಿಂದ ಕೈ ಬೀಸಿ, ಅವಳು ವಾಪಸ್ ಬೀಸಲಿಲ್ಲ ಅಂತ ಮುನಿಸಿಕೊಳ್ಳಬೇಡಿ. ಮಾತಾಡುವಾಗ ಅವಳ ಕಣ್ಣನ್ನೇ ಕುತೂಹಲದಿಂದ ದಿಟ್ಟಿಸಬೇಡಿ. ದಿಟ್ಟಿಸಿದಷ್ಟೂ ಓಡಾಟ ಜಾಸ್ತಿ ಅಂತ ಆಗಲೇ ಹೇಳಿದೆವಲ್ಲ.

ತೊಂದರೆಯಿರುವುದು ನಿಮಗೇ ಆದರೆ ಒಂದು ಸಿದ್ಧ ಉತ್ತರ ನಾಲಿಗೆ ತುದಿಯಲ್ಲಿರಲಿ. ‘ನನ್ನ ಕಣ್ಣು ತಾನಾಗೇ ಓಡಾಡುತ್ತೆ. ಹುಟ್ಟಿನಿಂದ ಹಾಗೇ. ನೀವೇನೂ ಅಂಟಿಸಿಕೊಳ್ಳಲ್ಲ’ ಅಂತ ನಗುತ್ತಾ ಹೇಳಿಬಿಡಿ. ಮಕ್ಕಳಿಗೂ ಇಂಥದ್ದೊಂದು ಉತ್ತರ ಕಲಿಸಿ. ಶಾಲೆಯಲ್ಲಿ ಅಡ್ಡಹೆಸರಿಟ್ಟು ರೇಗಿಸುವವರ ಮುಂದೆ ಅಳುವ ಬದಲು ಉತ್ತರ ಕೊಡುವ ಮಗುವಿನ ತಂಟೆಗೆ ಬರುವವರು ಕಡಿಮೆ.

ಮದುವೆಯ ವಿಷಯ ಬಂದಾಗ? ಹುಡುಗಿ ನೋಡಲು ಬಂದವರ ಮುಂದೆ ‘ತಲೆ ತಗ್ಗಿಸಿ ಕೂತ್ಕೋ, ಗೊತ್ತಾಗಲ್ಲ’ ಅನ್ನುವ ತಾಯಂದಿರಿದ್ದಾರೆ. ಹತ್ತು ನಿಮಿಷ ಮುಚ್ಚಿಡಬಹುದು, ಮೂವತ್ತು ವರ್ಷ ಮುಚ್ಚಿಡಲಾದೀತೆ? ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಕಣ್ಣಿನ ದೋಷಕ್ಕಿಂತ ‘ಮೋಸ ಮಾಡಿದ್ರಿ’ ಅನ್ನೋ ಮಾತು ಹೆಚ್ಚು ಚುಚ್ಚುತ್ತದೆ. ಫೋಟೋ ಕಳಿಸುವ ಹಂತದಲ್ಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಡಾಕ್ಟರ ಹತ್ತಿರ ಮಾತಾಡಬೇಕೆಂದರೆ ಕರೆದುಕೊಂಡು ಹೋಗಿ. ಒಪ್ಪುವವರು ತಿಳಿದು ಒಪ್ಪಲಿ.

ಸ್ಕೂಲಿಗೆ ಹೋಗಿ ಇಷ್ಟು ಹೇಳಿ

ವರ್ಷದ ಆರಂಭದಲ್ಲೇ ಟೀಚರನ್ನು ಕಂಡು ಮಾತಾಡಿ. ಇಲ್ಲದಿದ್ದರೆ ‘ನಿಮ್ಮ ಮಗಳು ಬೋರ್ಡ್ ಮೇಲಿಂದ ಬರೆಯೋದು ನಿಧಾನ, ಗಮನ ಇಲ್ಲ’ ಅನ್ನೋ ದೂರು ಬರುವುದು ಖಂಡಿತ.

ಮುಂದಿನ ಬೆಂಚು ಕೇಳಿ, ಆದರೆ ಯಾವ ಕಡೆಯದು ಅಂತಲೂ ಹೇಳಿ. ಮಗು ಮುಖವನ್ನು ಬಲಕ್ಕೆ ತಿರುಗಿಸಿ ನೋಡುತ್ತಿದ್ದರೆ ಅದರ ಕಣ್ಣಿಗೆ ಎಡಕ್ಕೆ ನೋಡುವುದು ಹಿತ. ಬೋರ್ಡಿಗೆ ಮುಖ ಮಾಡಿ ಕೂತಾಗ ಬಲಗಡೆಯ ಬೆಂಚಿನಲ್ಲಿದ್ದರೆ ಬೋರ್ಡು ಅದರ ಎಡಕ್ಕೇ ಬರುತ್ತದೆ, ಕತ್ತು ತಿರುಗಿಸುವ ಕಷ್ಟವಿಲ್ಲ. ಮುಖ ಎಡಕ್ಕೆ ತಿರುಗಿಸುವ ಮಗುವಿಗೆ ಎಡಗಡೆಯ ಬೆಂಚು.

ಪಕ್ಕದವಳ ಜೊತೆ ಒಂದೇ ಪುಸ್ತಕ ಹಂಚಿಕೊಳ್ಳಲು ಹೇಳಬಾರದು, ತನಗೆ ಬೇಕಾದ ಹಾಗೆ ಹಿಡಿದುಕೊಳ್ಳಲು ಸ್ವಂತ ಪುಸ್ತಕವಿರಲಿ. ಟೀಚರ್ ಬೋರ್ಡ್ ಮೇಲೆ ಬರೆಯುವಾಗ ಬಾಯಲ್ಲೂ ಹೇಳಿದರೆ ಒಳ್ಳೆಯದು. ಓಡಿಬರುವ ಚೆಂಡು ಹಿಡಿಯಲಿಲ್ಲ ಅಂತ ಆಟದಿಂದ ಹೊರಗಿಡದೆ ದೊಡ್ಡ, ಗಾಢ ಬಣ್ಣದ ಚೆಂಡು ಕೊಡಲಿ. ಓಟ, ಈಜು, ಯೋಗ, ಸಂಗೀತ ಇವಕ್ಕೆಲ್ಲ ಅಡ್ಡಿಯೇನು?

ಪರೀಕ್ಷೆಯ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಂದದೃಷ್ಟಿಗೂ ಜಾಗವಿದೆ. ಕನ್ನಡಕ ಹಾಕಿಕೊಂಡ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿದ್ದರೆ, ಅಂದರೆ ಬೇರೆಯವರಿಗೆ 18 ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ 6 ಮೀಟರ್ ದೂರದಿಂದಲೂ ಕಾಣದಿದ್ದರೆ, ಮಂದದೃಷ್ಟಿ ಎಂದು ಪರಿಗಣಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಶೇಕಡಾ ಎಷ್ಟು ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಇರಬೇಕು, ನಿಸ್ಟಾಗ್ಮಸ್ ಇರುವ ಎಲ್ಲರಿಗೂ ಅಷ್ಟು ಬರುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಹೇಳಿತ್ತು. ಎಸ್‌ಎಸ್‌ಎಲ್‌ಸಿ ಹತ್ತಿರ ಬರುವ ತನಕ ಕಾಯದೆ ಒಂಬತ್ತನೇ ತರಗತಿಯಲ್ಲೇ ಶಾಲೆಯಲ್ಲಿ ವಿಚಾರಿಸಿ, ಕಾಗದಪತ್ರ ಮಾಡಿಸಿಟ್ಟುಕೊಳ್ಳಿ.

ಡಾಕ್ಟರ ಹತ್ತಿರ ಏನು ಸಿಗುತ್ತೆ?

ಹಸುಗೂಸಿನ ಕಣ್ಣು ಓಡಾಡುತ್ತಿದ್ದರೆ ‘ದೊಡ್ಡದಾದ ಮೇಲೆ ಸರಿಹೋಗುತ್ತೆ’ ಅಂತ ಕಾಯಬೇಡಿ. ತಕ್ಷಣ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ಪಾಪೆ ಬೆಳ್ಳಗೆ ಕಂಡರಂತೂ ಒಂದು ದಿನವೂ ತಡ ಬೇಡ. ಪೊರೆಯಿದ್ದರೆ ಬೇಗ ತೆಗೆಸಿದಷ್ಟೂ ದೃಷ್ಟಿ ಉಳಿಯುತ್ತದೆ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಯಿದೆ. ಮಿದುಳು, ನರದ ತೊಂದರೆಯ ಅನುಮಾನ ಬಂದರೆ ನಿಮ್ಹಾನ್ಸ್ ಇದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ಮೊದಲು ತೋರಿಸಬಹುದು.

ದೃಷ್ಟಿ ಅಳೆಯುವಾಗ ಒಂದು ಕಣ್ಣು ಮುಚ್ಚಿದರೆ ಕೆಲವರಿಗೆ ಓಡಾಟ ಇನ್ನೂ ಜಾಸ್ತಿಯಾಗುತ್ತದೆ. ಎರಡೂ ಕಣ್ಣು ತೆರೆದು, ತಲೆಯನ್ನು ತನಗೆ ಹಿತವಾದ ಹಾಗೆ ಇಟ್ಟುಕೊಂಡಾಗ ಎಷ್ಟು ಕಾಣುತ್ತೆ ಅಂತಲೂ ನೋಡಲು ಕೇಳಿ.

ಇದನ್ನು ಪೂರ್ತಿ ನಿಲ್ಲಿಸುವ ಔಷಧಿ ಇಲ್ಲ, ಅದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಸಹಾಯವಾಗುವಂಥದ್ದು ಬೇಕಾದಷ್ಟಿದೆ. ಈ ಕಣ್ಣುಗಳಲ್ಲಿ ಬೇರೆ ನಂಬರ್ ದೋಷವೂ ಸಾಮಾನ್ಯ, ಅದಕ್ಕೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಕೊಡುತ್ತಾರೆ. ಕತ್ತು ತುಂಬಾ ತಿರುಗಿಸುವವರಿಗೆ ಕಣ್ಣಿನ ಮಾಂಸಖಂಡಗಳನ್ನು ಸರಿಸಿ, ಹಿತವಾದ ಆ ದಿಕ್ಕನ್ನು ನೇರಕ್ಕೆ ತರುವ ಆಪರೇಷನ್ ಇದೆ. ಆಂಡರ್ಸನ್ ಮತ್ತು ಕೆಸ್ಟನ್‌ಬಾಮ್ ಎಂಬ ವೈದ್ಯರು 1953ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ ವಿಧಾನವಿದು. ಇದರಿಂದ ಕತ್ತು ನೇರವಾಗುತ್ತೆ, ಓಡಾಟ ಮಾಯವಾಗುವುದಿಲ್ಲ. ಗ್ಯಾಬಪೆಂಟಿನ್, ಮೆಮಾಂಟಿನ್ ಎಂಬ ಮಾತ್ರೆಗಳಿಂದ ಕೆಲವರಿಗೆ ಕೊಂಚ ಗುಣ ಕಂಡಿದ್ದನ್ನು 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು. ಅಡ್ಡಪರಿಣಾಮಗಳೂ ಇರುವುದರಿಂದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಕಣ್ಣಿಗೆ ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಬಿಡುವುದು ಬೇಡವೇ ಬೇಡ. ಗುಣವಾಗುವುದಿರಲಿ, ಸೋಂಕು ತಗುಲೀತು.

ದೊಡ್ಡವರಿಗೆ ಇದ್ದಕ್ಕಿದ್ದಂತೆ ಬಂದರೆ ಎಚ್ಚರ!

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೆಚ್ಚಾಗಿ ಚಿಕ್ಕಂದಿನಿಂದ ಇರುವವರ ಮಾತು. ಮೊದಲು ಸರಿಯಾಗಿದ್ದ ಕಣ್ಣು ಇದ್ದಕ್ಕಿದ್ದಂತೆ ಓಡಾಡಲು ಶುರುವಾದರೆ ಹೊಂದಿಕೊಂಡು ಹೋಗುವ ಮಾತೇ ಇಲ್ಲ.

* ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ನಡಿಗೆ ತೂರಾಡಿದರೆ ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

* ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪ್ರಮಾಣ ಹೆಚ್ಚಾದಾಗ ಕಣ್ಣು ಓಡಾಡಿ, ನಡಿಗೆ ತೂರಾಡುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

* ಬಸುರಿಯಲ್ಲಿ ವಾಂತಿ ವಿಪರೀತವಾಗಿ ವಾರಗಟ್ಟಲೆ ಏನೂ ಒಳಗೆ ನಿಲ್ಲದಿದ್ದರೆ ಬಿ1 ವಿಟಮಿನ್ ಕೊರತೆಯಾಗಿ ಕಣ್ಣು ಓಡಾಡುವುದು, ಮಂಕು ಕವಿಯುವುದು ಆಗಬಹುದು. ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ’ ಅಂತ ಸುಮ್ಮನಿರಬೇಡಿ, ಆಸ್ಪತ್ರೆಗೆ ಸೇರಿಸಿ.

* ಹಾಸಿಗೆಯಲ್ಲಿ ಮಗ್ಗುಲಾದಾಗ, ಅಟ್ಟದ ಮೇಲಿನ ಡಬ್ಬಕ್ಕೆ ಕತ್ತೆತ್ತಿದಾಗ ಮಾತ್ರ ಒಂದು ನಿಮಿಷದೊಳಗೆ ಬಂದು ಹೋಗುವ ತಲೆಸುತ್ತು ಒಳಕಿವಿಯಿಂದ ಬರುವಂಥದ್ದು ಇರಬಹುದು. ಆಗಲೂ ಕಣ್ಣು ಓಡಾಡುತ್ತದೆ. ಇದು ಅಪಾಯಕಾರಿಯಲ್ಲ. ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಕಿವಿಯ ಡಾಕ್ಟರು ಇದನ್ನು ಸರಿಮಾಡುತ್ತಾರೆ.

ಇಷ್ಟು ನೆನಪಿರಲಿ

ನೆಟ್ಟಗೆ ನೋಡು ಅನ್ನಬೇಡಿ. ಬೇಗ ಓದು ಅನ್ನಬೇಡಿ. ನಾಲ್ಕು ಜನರ ಮುಂದೆ ‘ಎಲ್ಲಿ, ಇದು ಕಾಣುತ್ತಾ ಹೇಳು ನೋಡೋಣ’ ಅಂತ ಪರೀಕ್ಷೆ ಇಡಬೇಡಿ. ಅವರ ಕೆಲಸವನ್ನೆಲ್ಲ ನೀವೇ ಮಾಡಿಕೊಟ್ಟು ಕೈ ಕಟ್ಟಿಹಾಕಲೂ ಬೇಡಿ. ಈರುಳ್ಳಿ ಹೆಚ್ಚುವುದು ಐದು ನಿಮಿಷ ತಡವಾದರೆ ಸಾಂಬಾರು ಐದು ನಿಮಿಷ ತಡವಾಗುತ್ತೆ, ಅಷ್ಟೇ ತಾನೇ?

ಜೂನ್ 20ನ್ನು ಹಲವು ದೇಶಗಳಲ್ಲಿ ನಿಸ್ಟಾಗ್ಮಸ್ ಜಾಗೃತಿ ದಿನವಾಗಿ ಆಚರಿಸುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಬ್ಯಾನರು, ಭಾಷಣ ಬೇಕಿಲ್ಲ. ಇವತ್ತು ಸಂಜೆ ಮಗಳು ಹೋಂವರ್ಕ್‌ಗೆ ಕೂತಾಗ ದೀಪವನ್ನು ಅವಳ ಹಿಂದಕ್ಕೆ ಸರಿಸಿ, ಪುಸ್ತಕವನ್ನು ಅವಳಿಗೆ ಬೇಕಾದ ಹಾಗೆ ಹಿಡಿದುಕೊಳ್ಳಲು ಬಿಡಿ. ಗಡಿಯಾರ ನೋಡುತ್ತಾ ಪಕ್ಕದಲ್ಲಿ ನಿಲ್ಲಬೇಡಿ. ಅವಳು ಓದಿ ಮುಗಿಸುತ್ತಾಳೆ.